ಗಾಜಿನ ತೊಟ್ಟಿಯಲ್ಲಿ ಗಡಿ ಜಗಳ



ಮಂಗಳೂರಿನ ಹಳೆ ಬಂದರಿನಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಬೆಂಗ್ರೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ. ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ದಕ್ಷಿಣದ ತುದಿಯಲ್ಲಿ ಫಲ್ಗುಣಿಯೂ ನೇತ್ರಾವತಿಯೂ ಕೂಡಿ ಕಡಲಿಗೆ ಇಳಿಯುತ್ತವೆ. ಅದೇ ಅಳಿವೆ. ಬೆಂಗ್ರೆ ಎಂದರೆ ಎಲ್ಲರಿಗೂ ಪಶ್ಚಿಮದ ಕಡಲು ನೆನಪಾಗುತ್ತದೆ. ಬೂತಾಯಿ, ಬಂಗುಡೆ, ಬಲೆ, ಬೋಟು ನೆನಪಾಗುತ್ತವೆ. ಇವತ್ತಿನ ಮಾತು ಪೂರ್ವದ ಬದಿಯ ನೀರಿನದು. ಉಬ್ಬರದಲ್ಲಿ ಉಪ್ಪಾಗಿ, ಇಳಿತದಲ್ಲಿ ಸಪ್ಪೆಯಾಗುವ ಆ ಹೊಳೆ ನೀರಿನಲ್ಲಿ ಒಂದು ಮೀನಿದೆ. ಅದು ಜಾಗಕ್ಕಾಗಿ ಜಗಳ ಮಾಡುತ್ತದೆ. ಅದರ ದೂರದ ನೆಂಟರು ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಇರಬಹುದು. ಅವೂ ಜಗಳ ಮಾಡುತ್ತವೆ.

ಮೀನು ಸಾಕುವ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳುತ್ತದೆ. ನಿನ್ನೆ ತಂದ ಮೀನು ಇವತ್ತು ಬೆಳಗ್ಗೆ ಬಾಲ ಹರಿದುಕೊಂಡು ಮೂಲೆ ಸೇರಿದೆ. ಹಳೆಯದು ಅದನ್ನು ಉಣ್ಣಲು ಬಿಡುವುದಿಲ್ಲ, ನಿಲ್ಲಲು ಬಿಡುವುದಿಲ್ಲ. ಮನೆಯವರು ಹಳೆಯ ಮೀನನ್ನು ಕೆಟ್ಟದ್ದು ಎಂದು ಬೈಯುತ್ತಾರೆ. ಆದರೆ ಆ ಮೀನು ಕೆಟ್ಟದ್ದಲ್ಲ. ಹೊಳೆಯಲ್ಲಿ ಸಾವಿರಾರು ವರ್ಷ ಅದರ ಸಂತತಿಯನ್ನು ಉಳಿಸಿದ ನಡತೆಯನ್ನೇ ಅದು ತೊಟ್ಟಿಯಲ್ಲೂ ತೋರಿಸುತ್ತಿದೆ. ವ್ಯತ್ಯಾಸ ಒಂದೇ. ಹೊಳೆಯಲ್ಲಿ ಸೋತ ಮೀನು ದೂರ ಹೋಗುತ್ತದೆ. ತೊಟ್ಟಿಯಲ್ಲಿ ಸೋತ ಮೀನಿಗೆ ಹೋಗಲು ದಾರಿಯಿಲ್ಲ. ಇವತ್ತಿನ ಮಾತೆಲ್ಲ ಈ ಒಂದು ವಿಷಯದ ಸುತ್ತ.

ಮೊದಲು ಹೊಳೆಯ ಮೀನು. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಅದು ಇರ್ಪೆ. ಗಡಿ ದಾಟಿ ಕೇರಳಕ್ಕೆ ಹೋದರೆ ಕರಿಮೀನು. 2010ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ಮೀನೆಂದು ಘೋಷಿಸಿತು. ನೋಡದವರಿಗೆ ಅದರ ರೂಪ ಹೀಗೆ: ಅಂಗೈ ಅಗಲದ ಚಪ್ಪಟೆ ಮೈ, ಬೂದು ಹಸಿರು ಬಣ್ಣ, ಮೇಲಿನಿಂದ ಕೆಳಕ್ಕೆ ಏಳೆಂಟು ಕಪ್ಪು ಪಟ್ಟೆ, ಮೈತುಂಬ ಮುತ್ತಿನಂತೆ ಹೊಳೆಯುವ ಚುಕ್ಕೆ. ಬಾಯಿ ಚಿಕ್ಕದು. ಪಾಚಿ, ಕೊಳೆತ ಎಲೆ, ಸಣ್ಣ ಹುಳ ಅದರ ಆಹಾರ.

ಇರ್ಪೆ ಸೇರಿರುವ ಬಳಗದ ಹೆಸರು ಸಿಕ್ಲಿಡ್. ಇದು ಬಹಳ ದೊಡ್ಡ ಬಳಗ. ಆಫ್ರಿಕದ ಸರೋವರಗಳಲ್ಲಿ, ದಕ್ಷಿಣ ಅಮೆರಿಕದ ನದಿಗಳಲ್ಲಿ ಹರಡಿಕೊಂಡಿದೆ. ಇಲ್ಲಿಯವರೆಗೆ ಹೆಸರಿಟ್ಟಿರುವ ಜಾತಿಗಳು 1,700ರಷ್ಟು. ಅಂಗಡಿಯಲ್ಲಿ ಸಿಗುವ ಏಂಜಲ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲವೂ ಇದೇ ಬಳಗದವು. ಭಾರತದ ಸ್ವಂತ ಸಿಕ್ಲಿಡ್‌ಗಳು ಮಾತ್ರ ಮೂರೇ ಮೂರು. ಆ ಮೂರೂ ದಕ್ಷಿಣ ಕನ್ನಡದ ನೀರಿನಲ್ಲಿವೆ. ಮೊದಲನೆಯದು ಇರ್ಪೆ. ಎರಡನೆಯದು ಬೆರಳುದ್ದದ, ಹಳದಿ ಕಿತ್ತಳೆ ಬಣ್ಣದ, ಪಕ್ಕೆಯಲ್ಲಿ ಕಪ್ಪು ಬೊಟ್ಟಿರುವ ಪುಟ್ಟ ಮೀನು. ಅಕ್ವೇರಿಯಂ ಹವ್ಯಾಸಿಗಳು ಇದನ್ನು ಆರೆಂಜ್ ಕ್ರೋಮೈಡ್ ಎನ್ನುತ್ತಾರೆ. ಮೂರನೆಯದರ ಹೆಸರಿನಲ್ಲೇ ಕೆನರಾ ಇದೆ. ಅದರ ಮಾತು ಆಮೇಲೆ.

ಇರ್ಪೆ ಮಾಮೂಲಿ ದಿನಗಳಲ್ಲಿ ಗುಂಪಾಗಿ ತಿರುಗುತ್ತದೆ. ಆಗ ಅದು ಸಾಧು. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾದಾಗ ಗಂಡು ಹೆಣ್ಣು ಜೋಡಿಯಾಗುತ್ತವೆ. ಗುಂಪಿನಿಂದ ಬೇರೆಯಾಗಿ ಆಳವಿಲ್ಲದ ಕಡೆ ಒಂದು ಜಾಗ ಹಿಡಿಯುತ್ತವೆ. ನೀರಿನಲ್ಲಿ ಮುಳುಗಿದ ಕಲ್ಲೋ, ಮರದ ಗೂಟವೋ, ಕಾಂಡ್ಲದ ಬೇರೋ ಸಿಕ್ಕರೆ ಸಾಕು. ಅದರ ಮೇಲಿನ ಪಾಚಿಯನ್ನು ಬಾಯಿಂದ ಕೆರೆದು ಶುಚಿ ಮಾಡುತ್ತವೆ. ಅಲ್ಲಿ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ನೂರಾರು ಮೊಟ್ಟೆ, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ.

ಆ ಕ್ಷಣದಿಂದ ಎರಡೂ ಕಾವಲಿಗೆ ನಿಲ್ಲುತ್ತವೆ. ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹರಿಸುತ್ತವೆ. ಕೆಸರಿನಲ್ಲಿ ಸಣ್ಣ ಗುಳಿ ತೋಡುತ್ತವೆ. ಮರಿ ಹೊರಬಂದಾಗ ಬಾಯಲ್ಲಿ ಕಚ್ಚಿ ಗುಳಿಗೆ ಸಾಗಿಸುತ್ತವೆ. ಮರಿಗಳು ಈಜಲು ಕಲಿತ ಮೇಲೂ ವಾರಗಟ್ಟಲೆ ಜೊತೆಗಿರುತ್ತವೆ. ಅಷ್ಟು ದಿನ ಆ ಗೂಟದ ಸುತ್ತ ಬೇರೆ ಯಾವ ಮೀನೂ ಸುಳಿಯುವಂತಿಲ್ಲ. ಬಂದರೆ ಇರ್ಪೆ ಹಾಯ್ದು ಬರುತ್ತದೆ.

ಬರುವ ಕಳ್ಳನಾದರೂ ಯಾರು? ಆ ಪುಟ್ಟ ಕಿತ್ತಳೆ ಮೀನೇ. ಇರ್ಪೆಯ ಮೊಟ್ಟೆ, ಮರಿ ಎರಡೂ ಅದಕ್ಕೆ ತಿನಿಸು. ಶ್ರೀಲಂಕಾದ ಹಿನ್ನೀರುಗಳಲ್ಲಿ ಈ ಎರಡು ಮೀನುಗಳ ಬದುಕನ್ನು ಜಾಕ್ ವಾರ್ಡ್ ಮತ್ತು ರಿಚರ್ಡ್ ವೈಮನ್ ಎಂಬ ಸಂಶೋಧಕರು 1970ರ ದಶಕದಲ್ಲಿ ಹತ್ತಿರದಿಂದ ಗಮನಿಸಿದರು. ಅವರು ದಾಖಲಿಸಿದ ಇನ್ನೊಂದು ಸಂಗತಿ ಬೆರಗು ಹುಟ್ಟಿಸುತ್ತದೆ. ಮೊಟ್ಟೆ ಕದಿಯುವ ಇದೇ ಕಿತ್ತಳೆ ಮೀನು ಬೇರೆ ಸಮಯದಲ್ಲಿ ಇರ್ಪೆಯ ಮೈಗೆ ಅಂಟಿದ ಪರಾವಲಂಬಿಗಳನ್ನು ಹೆಕ್ಕಿ ತಿಂದು ಶುಚಿ ಮಾಡುತ್ತದೆ. ಆಗ ಇರ್ಪೆ ಅದನ್ನು ಓಡಿಸುವುದಿಲ್ಲ. ಮೈ ಒಡ್ಡಿ ನಿಲ್ಲುತ್ತದೆ.

ಅದೇ ಎರಡು ಮೀನು. ಗೂಡಿನ ಹತ್ತಿರ ವೈರಿ, ಗೂಡಿಲ್ಲದಾಗ ಸೇವಕ. ಆದ್ದರಿಂದ ಮೀನಿನ ಸಿಟ್ಟನ್ನು ಅದರ ಹುಟ್ಟುಗುಣ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಎಲ್ಲಿ, ಯಾವಾಗ, ಯಾರ ಮೇಲೆ ಎಂದು ಕೇಳಬೇಕು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಇರ್ಪೆ ಜಗಳ ಮಾಡುವುದು ಮರಿಗಳಿಗಾಗಿ, ಮರಿಗಳಿರುವ ಜಾಗಕ್ಕಾಗಿ. ಆ ಜಾಗದ ಆಚೆ ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ಇನ್ನು ಮುಂದಿನದು: ಮೀನುಗಳು ಜಗಳವಾಡುವ ಬಗೆ.

ಜಗಳ ಕಚ್ಚಾಟದಿಂದ ಶುರುವಾಗುವುದು ಅಪರೂಪ. ಎದುರಾಳಿ ಕಂಡಾಗ ಮೀನು ಮೊದಲು ರೆಕ್ಕೆಗಳನ್ನೆಲ್ಲ ಬಿಚ್ಚುತ್ತದೆ. ಕಿವಿರಿನ ಮುಚ್ಚಳ ಅರಳಿಸುತ್ತದೆ. ಇದ್ದುದಕ್ಕಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಬಣ್ಣ ಗಾಢವಾಗುತ್ತದೆ. ಇಷ್ಟಕ್ಕೂ ಎದುರಾಳಿ ಹೋಗದಿದ್ದರೆ ಎರಡೂ ಪಕ್ಕ ಪಕ್ಕ ನಿಂತು ಬಾಲ ಬೀಸುತ್ತವೆ. ಮೀನಿನ ಪಕ್ಕೆಯ ಉದ್ದಕ್ಕೂ ನೀರಿನ ಒತ್ತಡ ತಿಳಿಯುವ ಒಂದು ಇಂದ್ರಿಯವಿದೆ. ಬಾಲದ ಏಟಿಗೆ ನುಗ್ಗಿದ ನೀರು ಅದಕ್ಕೆ ತಾಗುತ್ತದೆ. ಎದುರಿನವನ ಬಲ ಎಷ್ಟೆಂದು ಮುಟ್ಟದೆಯೇ ಗೊತ್ತಾಗುತ್ತದೆ. ಆಗಲೂ ತೀರ್ಮಾನವಾಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ. ಕೊನೆಗೆ ಒಂದು ರೆಕ್ಕೆ ಮಡಚುತ್ತದೆ, ಬಣ್ಣ ಕಳೆಯುತ್ತದೆ, ತಿರುಗಿ ಹೋಗುತ್ತದೆ. ಗೆದ್ದದ್ದು ಸ್ವಲ್ಪ ದೂರ ಅಟ್ಟಿ ತನ್ನ ಜಾಗಕ್ಕೆ ಮರಳುತ್ತದೆ. ಹೆಚ್ಚಿನ ಜಗಳ ಇಲ್ಲಿಗೆ ಮುಗಿಯಿತು. ಯಾರಿಗೂ ದೊಡ್ಡ ಗಾಯವಿಲ್ಲ.

ಈ ನಡತೆಯನ್ನು ವಿಜ್ಞಾನಿಗಳು ಕಲಿತದ್ದೂ ಬಹುಮಟ್ಟಿಗೆ ಗಾಜಿನ ತೊಟ್ಟಿಗಳ ಮುಂದೆ ಕುಳಿತು. ಹಾಲೆಂಡಿನ ನಿಕೊ ಟಿನ್‌ಬರ್ಗನ್ ಲೈಡನ್ ನಗರದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನನ್ನು ಸಾಕಿದ್ದರು. ಗೂಡು ಕಟ್ಟುವ ಕಾಲದಲ್ಲಿ ಅದರ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಒಂದು ಗಂಡು ಇನ್ನೊಂದು ಗಂಡನ್ನು ಕಂಡರೆ ಮೇಲೆ ಬೀಳುತ್ತದೆ. ಟಿನ್‌ಬರ್ಗನ್ ಮೀನಿನಂತೆ ಕಾಣದ ಒರಟು ಗೊಂಬೆಗಳನ್ನು ಮಾಡಿ, ಕೆಳಭಾಗಕ್ಕೆ ಕೆಂಪು ಬಳಿದು ನೀರಿಗೆ ಇಳಿಸಿದರು. ಮೀನು ಅವುಗಳ ಮೇಲೂ ಎರಗಿತು. ಕಿಟಕಿಯಾಚೆ ಬೀದಿಯಲ್ಲಿ ಅಂಚೆಯ ಕೆಂಪು ಗಾಡಿ ಹಾದುಹೋದಾಗ ತೊಟ್ಟಿಯ ಗಂಡುಗಳು ಆ ಕಡೆಯ ಗಾಜಿಗೆ ನುಗ್ಗಿದವೆಂದು ಅವರು ಬರೆದಿದ್ದಾರೆ.

ಆಸ್ಟ್ರಿಯದ ಕಾನ್ರಾಡ್ ಲೊರೆಂಜ್ ಹವಳದ ದಿಬ್ಬಗಳ ಮೀನುಗಳನ್ನು ಗಮನಿಸಿದರು. ಅವು ಬೇರೆ ಜಾತಿಯ ಮೀನಿಗಿಂತ ತಮ್ಮದೇ ಜಾತಿಯ ಮೀನನ್ನು ಹೆಚ್ಚು ಅಟ್ಟುತ್ತವೆ ಎಂದು ಕಂಡರು. ಕಾರಣ ಸರಳ. ಒಂದೇ ಆಹಾರ, ಒಂದೇ ಬಗೆಯ ಬಿಲ, ಒಂದೇ ಬಗೆಯ ಜೋಡಿ ಬೇಕಾದವರ ನಡುವೆ ತಾನೇ ಪೈಪೋಟಿ! ಟಿನ್‌ಬರ್ಗನ್, ಲೊರೆಂಜ್ ಮತ್ತು ಜೇನ್ನೊಣಗಳ ಅಭ್ಯಾಸಿ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ಒಟ್ಟಾಗಿ ನೊಬೆಲ್ ಬಹುಮಾನ ಬಂತು.

ಹೋಗಲು ದಾರಿಯೇ ಇಲ್ಲದ ಮೀನುಗಳು ಪ್ರಕೃತಿಯಲ್ಲೂ ಇವೆಯೇ? ಇವೆ. ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಕ್ಲೌನ್ ಮೀನನ್ನು ಸಿನಿಮಾದಲ್ಲಿ ಮಕ್ಕಳು ನೋಡಿದ್ದಾರೆ. ಅದು ಕಡಲ ಹೂವಿನಂಥ ಅನಿಮೋನ್ ಎಂಬ ಜೀವಿಯ ಮುಳ್ಳೆಳೆಗಳ ನಡುವೆ ಬದುಕುತ್ತದೆ. ಆ ಆಸರೆ ಬಿಟ್ಟು ಹೊರಟರೆ ದೊಡ್ಡ ಮೀನಿನ ಬಾಯಿಗೆ ತುತ್ತು. ಒಂದು ಅನಿಮೋನಿನಲ್ಲಿ ನಾಲ್ಕೈದು ಮೀನುಗಳಿದ್ದರೆ ಅತಿ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು, ಉಳಿದವು ಸರದಿಯಲ್ಲಿ ಕಾಯುವ ಚಿಕ್ಕವು. ಪೀಟರ್ ಬಸ್ಟನ್ ಎಂಬ ಸಂಶೋಧಕ ಪಪುವಾ ನ್ಯೂಗಿನಿಯ ಕಡಲಲ್ಲಿ ಇವನ್ನು ಅಭ್ಯಾಸ ಮಾಡಿ 2003ರಲ್ಲಿ ವರದಿ ಪ್ರಕಟಿಸಿದರು. ಚಿಕ್ಕವು ತಮಗಿಂತ ಮೇಲಿನ ಮೀನಿಗೆ ಸರಿಸಮ ಆಗದಂತೆ ತಮ್ಮ ಬೆಳವಣಿಗೆಯನ್ನೇ ತಡೆಹಿಡಿಯುತ್ತವೆ ಎಂಬುದು ಅವರು ಕಂಡುಕೊಂಡ ಸತ್ಯ. ಸಮನಾದರೆ ಜಗಳ. ಸೋತರೆ ಹೊರಗೆ. ಹೊರಗೆ ಎಂದರೆ ಸಾವು. ಅದಕ್ಕಾಗಿ ಚಿಕ್ಕದಾಗಿಯೇ ಉಳಿಯುವುದು.

ಈಗ ಇಷ್ಟನ್ನು ನೆನಪಿಡಿ. ಮೀನಿನ ಜಗಳಕ್ಕೆ ಮೆಟ್ಟಿಲುಗಳಿವೆ. ಸೋತದ್ದು ದೂರ ಹೋಗುವುದು ಅದರ ಕೊನೆಯ ಮೆಟ್ಟಿಲು. ಆ ಮೆಟ್ಟಿಲು ಇಲ್ಲದ ಕಡೆ ಏನಾಗುತ್ತದೆ? ಇನ್ನು ಮನೆಯ ತೊಟ್ಟಿಗೆ ಬರೋಣ.

ಹೆಚ್ಚಿನ ಮನೆಗಳಲ್ಲಿರುವುದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ. ಕಂಠಮಟ್ಟ ತುಂಬಿದರೆ ಸುಮಾರು 55 ಲೀಟರ್ ನೀರು. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಜೋಡಿಯಾದ ಏಂಜಲ್ ಮೀನುಗಳು ಇದರ ಒಂದು ಮೂಲೆಯಲ್ಲಿ ಮೊಟ್ಟೆ ಇಟ್ಟವು ಎಂದುಕೊಳ್ಳಿ. ಅವು ಗಡಿ ಹಾಕುವುದು ಆ ಮೂಲೆಗೆ ಮಾತ್ರವಲ್ಲ. ಅವುಗಳ ಕಣ್ಣಿಗೆ ಬೀಳುವ ಪೂರ್ತಿ ತೊಟ್ಟಿಯೇ ಅವುಗಳ ಅಂಗಳ. ಉಳಿದ ಮೀನುಗಳು ಎಷ್ಟು ದೂರ ಓಡಿದರೂ ಇನ್ನೊಬ್ಬರ ಅಂಗಳದೊಳಗೇ ಇವೆ. ಸೋತದ್ದು ಶರಣಾಗಿ ರೆಕ್ಕೆ ಮಡಚುತ್ತದೆ. ಆದರೆ ಕಣ್ಣೆದುರೇ ಇರುತ್ತದೆ. ಗೆದ್ದದ್ದಕ್ಕೆ ಅದು ಇನ್ನೂ ಹೋಗದ ಎದುರಾಳಿಯಾಗಿಯೇ ಕಾಣುತ್ತದೆ. ಹೊಳೆಯಲ್ಲಿ ಅರೆ ನಿಮಿಷದಲ್ಲಿ ಮುಗಿಯಬೇಕಾದ ಜಗಳ ಇಲ್ಲಿ ದಿನಗಟ್ಟಲೆ ನಡೆಯುತ್ತದೆ.

ಸೋತ ಮೀನನ್ನು ಗುರುತಿಸುವುದು ಕಷ್ಟವಲ್ಲ. ಅದು ನೀರಿನ ಮೇಲ್ಭಾಗದ ಮೂಲೆಯಲ್ಲೋ ಫಿಲ್ಟರಿನ ಹಿಂದೆಯೋ ನಿಂತಿರುತ್ತದೆ. ಬಣ್ಣ ಮಂಕು. ರೆಕ್ಕೆಯ ಅಂಚು ಹರಿದಿದೆ. ಉಸಿರು ವೇಗ. ಆಹಾರ ಹಾಕಿದರೂ ಮುಂದೆ ಬರುವುದಿಲ್ಲ. ಹೆದರಿಕೆಯಲ್ಲೇ ದಿನ ಕಳೆದ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ರೋಗ ಬರುತ್ತದೆ. ಹರಿದ ರೆಕ್ಕೆಗೆ ಕೊಳೆ ಹಿಡಿಯುತ್ತದೆ. ಸತ್ತಾಗ ಮನೆಯವರು ರೋಗ ಬಂತು ಎನ್ನುತ್ತಾರೆ. ಆ ರೋಗಕ್ಕೆ ಬಾಗಿಲು ತೆರೆದದ್ದು ಜಾಗವಿಲ್ಲದ ಜಗಳ.

ಹೊಳೆಯ ಜಗಳ, ಅದರ ಮೆಟ್ಟಿಲು, ತೊಟ್ಟಿಯ ಇಕ್ಕಟ್ಟು ಈ ಮೂರನ್ನೂ ಕೇಳಿದಿರಿ. ಈಗ ಅಂಗಡಿಯಲ್ಲಿ ಸಿಗುವ ಕೆಲವು ಮೀನುಗಳ ಸ್ವಭಾವ.

ಫೈಟರ್ ಮೀನು ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಒಂದೊಂದು ಬಾಟಲಿಯಲ್ಲಿ ಒಂದೊಂದು ಇಟ್ಟಿರುತ್ತಾರೆ. ಅದರ ತವರು ಥಾಯ್ಲೆಂಡ್. ಗದ್ದೆ, ತೋಡುಗಳ ನಿಂತ ನೀರಿನಲ್ಲಿ ಬದುಕುವ ಮೀನು. ಗಂಡು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ, ಮೊಟ್ಟೆಗಳನ್ನು ಕಾಯುತ್ತದೆ. ಅಲ್ಲಿಯ ಜನ ತಲೆಮಾರುಗಳ ಕಾಲ ಕಾದಾಟಕ್ಕೆಂದೇ ಹೆಚ್ಚು ಸಿಟ್ಟಿನ ಗಂಡುಗಳನ್ನು ಆರಿಸಿ ಬೆಳೆಸಿದರು. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಒಂದು ತೊಟ್ಟಿಗೆ ಒಂದೇ ಗಂಡು ಎಂಬುದು ಇಲ್ಲಿ ಕಡ್ಡಾಯ. ಎರಡು ಬಾಟಲಿ ಅಕ್ಕಪಕ್ಕ ಇಟ್ಟರೆ ನಡುವೆ ರಟ್ಟು ಇಡಿ. ದಿನವಿಡೀ ಎದುರಾಳಿಯನ್ನು ನೋಡುತ್ತಿರುವುದೂ ಅದಕ್ಕೆ ದಣಿವು.

ಟೈಗರ್ ಬಾರ್ಬ್ ಇನ್ನೊಂದು ಬಗೆ. ಅದಕ್ಕೆ ಜಾಗದ ಹಟವಿಲ್ಲ, ಗುಂಪಿನ ಹಂಬಲ. ಎಂಟು ಹತ್ತು ಒಟ್ಟಿಗಿದ್ದರೆ ಒಂದನ್ನೊಂದು ಅಟ್ಟಾಡಿಕೊಂಡು ಇರುತ್ತವೆ. ಎರಡೇ ಎರಡು ತಂದರೆ ಏಂಜಲ್, ಫೈಟರ್‌ಗಳ ಉದ್ದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತವೆ. ಇಲ್ಲಿ ಸಂಖ್ಯೆ ಹೆಚ್ಚಿಸಿದರೆ ಜಗಳ ಕಡಿಮೆಯಾಗುತ್ತದೆ.

ಆಸ್ಕರ್ ಮತ್ತು ಫ್ಲವರ್‌ಹಾರ್ನ್ ವಿಷಯದಲ್ಲಿ ಕೊಳ್ಳುವ ದಿನವೇ ಎಚ್ಚರ ಬೇಕು. ಆಸ್ಕರ್ ಅಮೆಜಾನ್ ಪ್ರದೇಶದ ಮೀನು. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯದಲ್ಲಿ ಹಲವು ಸಿಕ್ಲಿಡ್‌ಗಳನ್ನು ಬೆರೆಸಿ ತಯಾರಿಸಿದ ತಳಿ. ಅದೃಷ್ಟ ತರುತ್ತದೆ, ವಾಸ್ತುವಿಗೆ ಒಳ್ಳೆಯದು ಎಂದು ಅದನ್ನು ಮನೆಗೆ ತರುವವರಿದ್ದಾರೆ. ಅಂಗಡಿಯಲ್ಲಿ ಎರಡು ಇಂಚಿನ ಮರಿ. ಬೆಳೆದಾಗ ಎರಡೂ ಒಂದು ಅಡಿಯ ಆಸುಪಾಸು. ಒಂದು ಅಡಿಯ ಮೀನು ಒಂದು ಅಡಿ ಅಗಲದ ತೊಟ್ಟಿಯಲ್ಲಿ ಮೈ ತಿರುಗಿಸುವುದೇ ಕಷ್ಟ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ, ಅಂದರೆ ಸುಮಾರು 250 ಲೀಟರಿನ ತೊಟ್ಟಿ ಇವುಗಳಲ್ಲಿ ಒಂದಕ್ಕೆ ಬೇಕು. ಫ್ಲವರ್‌ಹಾರ್ನ್ ಅಂತೂ ಒಂಟಿಯಾಗಿಯೇ ಇರಬೇಕಾದ ಮೀನು.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಈಗಾಗಲೇ ಹೇಳಿದ ಮಾತಿನಿಂದಲೇ ಉತ್ತರ ಹುಟ್ಟುತ್ತದೆ. ಸೋತ ಮೀನಿಗೆ ದೂರ ಬೇಕು. ದೂರ ಕೊಡಲಾಗದಿದ್ದರೆ ಮರೆಯನ್ನಾದರೂ ಕೊಡಬೇಕು.

ಮೊದಲನೆಯದು ಮರೆ. ಕಲ್ಲು, ಮರದ ಬೇರು, ಒಡೆದ ಮಣ್ಣಿನ ಕುಡಿಕೆ, ಗಿಡಗಳನ್ನು ತೊಟ್ಟಿಯ ನಡುವೆ ನಿಲ್ಲಿಸಿ. ಈ ತುದಿಯ ಮೀನಿಗೆ ಆ ತುದಿಯ ಮೀನು ಕಾಣಬಾರದು. ಅಡಗುವ ಪ್ರತಿಯೊಂದು ತಾಣಕ್ಕೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಬಿಲದಲ್ಲಿ ಹೊಕ್ಕ ಮೀನು ಸಿಕ್ಕಿಬೀಳುತ್ತದೆ.

ಎರಡನೆಯದು ತರುವ ಕ್ರಮ. ಸಾಧು ಮೀನುಗಳು ಮೊದಲು ಬರಲಿ, ಹಟದ ಮೀನು ಕೊನೆಗೆ. ಮೊದಲು ಬಂದದ್ದು ಜಾಗ ಹಿಡಿಯುತ್ತದೆ. ಮೀನುಗಳು ಪರಿಚಯದ ನೆರೆಯವರನ್ನು ಒಂದು ಮಟ್ಟಕ್ಕೆ ಸಹಿಸುತ್ತವೆ, ಅಪರಿಚಿತರನ್ನು ಸಹಿಸುವುದಿಲ್ಲ. ಹಾಗಾಗಿ ಹೊಸ ಮೀನು ಬಿಡುವ ದಿನ ಕಲ್ಲು, ಗಿಡಗಳ ಸ್ಥಾನ ಬದಲಿಸಿ. ಹಳೆಯ ಗಡಿಗಳು ಅಳಿಸಿಹೋಗುತ್ತವೆ. ಹಳೆಯವೂ ಹೊಸದೂ ಒಟ್ಟಿಗೇ ಜಾಗ ಹುಡುಕಲು ತೊಡಗುತ್ತವೆ. ರಾತ್ರಿ ದೀಪ ಆರಿಸಿದ ಮೇಲೆ ಹೊಸದನ್ನು ಬಿಟ್ಟರೆ ಮೊದಲ ಕೆಲವು ಗಂಟೆ ಅದಕ್ಕೆ ನೆಮ್ಮದಿ.

ಮೂರನೆಯದು ಆಹಾರ. ಒಂದೇ ಮೂಲೆಯಲ್ಲಿ ಹಾಕಬೇಡಿ. ಎರಡು ತುದಿಗಳಲ್ಲಿ ಒಂದೇ ಸಮಯಕ್ಕೆ ಹಾಕಿ. ಬಲಿಷ್ಠ ಮೀನು ಒಂದು ಕಡೆ ಇರುವಾಗ ಇನ್ನೊಂದಕ್ಕೆ ತುತ್ತು ಸಿಗುತ್ತದೆ.

ನಾಲ್ಕನೆಯದು ಬೇರ್ಪಡಿಸುವುದು. ಕಚ್ಚಾಟ ನಿಲ್ಲದಿದ್ದರೆ ತೂತುಗಳಿರುವ ಪ್ಲಾಸ್ಟಿಕ್ ಹಲಗೆಯನ್ನು ತೊಟ್ಟಿಗೆ ಅಡ್ಡ ಇಳಿಸಿ. ಗಾಯಗೊಂಡ ಮೀನನ್ನು ಬೇರೆ ಪಾತ್ರೆಗೆ ಸಾಗಿಸಿ. ಪ್ರಾಯೋಗಿಕವಾಗಿ ತಿಳಿದುಬಂದ ಇನ್ನೊಂದು ಉಪಾಯವೂ ಇದೆ. ಅಟ್ಟಿಸಿಕೊಂಡ ಮೀನಿನ ಬದಲು ಅಟ್ಟುವ ಮೀನನ್ನು ಕೆಲವು ದಿನ ಹೊರಗಿಡುವುದು. ಅದು ಮರಳುವಷ್ಟರಲ್ಲಿ ಉಳಿದವು ಜಾಗ ಹಂಚಿಕೊಂಡಿರುತ್ತವೆ. ಆಗ ಅದೇ ಹೊಸಬ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವೊಮ್ಮೆ ಮೀನಿಗೆ ತೊಟ್ಟಿ ಸಾಲುವುದಿಲ್ಲ. ಆಗ ಅನೇಕರಿಗೆ ಒಂದು ಯೋಚನೆ ಬರುತ್ತದೆ. ಪಾಪ, ಹೊಳೆಗೆ ಬಿಟ್ಟುಬಿಡೋಣ, ಸುಖವಾಗಿ ಇರಲಿ. ಈ ಯೋಚನೆಯಲ್ಲಿ ಕರುಣೆಯಿದೆ. ಆದರೆ ಇದರಿಂದ ಆಗುವ ಕೇಡು ದೊಡ್ಡದು.

ಆಗಲೇ ಬಾಕಿ ಇಟ್ಟ ಮೂರನೆಯ ಮೀನಿನ ಮಾತು ಈಗ ಬಂತು. ಫ್ರಾನ್ಸಿಸ್ ಡೇ ಎಂಬ ಮತ್ಸ್ಯವಿಜ್ಞಾನಿ 1877ರಲ್ಲಿ ದಕ್ಷಿಣ ಕೆನರಾದಿಂದ ಸಿಕ್ಕ ಒಂದು ಮೀನಿಗೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟರು. ಇರ್ಪೆಯ ತಂಗಿಯಂಥ ಮೀನು. ಬೆರಳುದ್ದಕ್ಕಿಂತ ತುಸು ದೊಡ್ಡದು. ಮೈಗೆ ದಟ್ಟ ಕಪ್ಪು ಪಟ್ಟೆ, ಪಟ್ಟೆಗಳ ಮೇಲೆ ಮುತ್ತಿನ ಚುಕ್ಕೆ. ಕುಮಾರಧಾರಾ, ನೇತ್ರಾವತಿಯ ಸೀಮೆಯ ಸಿಹಿನೀರು ಅದರ ಮನೆ. ಕರ್ನಾಟಕ ಬಿಟ್ಟು ಜಗತ್ತಿನ ಬೇರೆ ಯಾವ ಹೊಳೆಯಲ್ಲೂ ಅದು ಸಹಜವಾಗಿ ಇಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ.

ಆಸ್ಕರ್, ಫ್ಲವರ್‌ಹಾರ್ನ್‌ನಂಥ ಒಂದು ಅಡಿಯ ಹಟಮಾರಿ ಸಿಕ್ಲಿಡ್ ಅದೇ ಹೊಳೆಗೆ ಇಳಿದರೆ ಈ ಪುಟ್ಟ ಮೀನಿನ ಮೊಟ್ಟೆ ಇಡುವ ಕಲ್ಲುಗಳಿಗೆ ಹೊಸ ಒಡೆಯ ಬಂದಂತೆ. ಆಗ ಓಡಿಹೋಗಲು ದಾರಿಯಿಲ್ಲದ್ದು ಊರಿನ ಮೀನಿಗೇ. ಹೊರಗಿನ ಸಿಕ್ಲಿಡ್ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಾವು ಜಿಲೇಬಿ ಮೀನು ಎನ್ನುವ ತಿಲಾಪಿಯ ಆಫ್ರಿಕದ್ದು. 1952ರಲ್ಲಿ ಅದನ್ನು ಭಾರತಕ್ಕೆ ತಂದರು. ಅದರ ಗಂಡು ತಳದಲ್ಲಿ ಗುಂಡಿ ತೋಡಿ ಜಾಗ ಕಾಯುತ್ತದೆ, ಹೆಣ್ಣು ಬಾಯಲ್ಲೇ ಮೊಟ್ಟೆ ಕಾಪಾಡುತ್ತದೆ. ಇಂದು ನಮ್ಮ ಕೆರೆ, ಹೊಳೆ, ಜಲಾಶಯಗಳಲ್ಲಿ ಅದು ಬೇರೂರಿದೆ. ಮರಳಿ ತೆಗೆಯಲು ಸಾಧ್ಯವಿಲ್ಲ.

ಆದ್ದರಿಂದ ಬೆಂಗ್ರೆಯವರಿಗೂ, ನದಿಯ ಈಚೆ ದಡದ ಮಂಗಳೂರಿನವರಿಗೂ, ನೇತ್ರಾವತಿ, ಫಲ್ಗುಣಿಗಳ ದಡದಲ್ಲಿ ಮೀನು ಸಾಕುವ ಎಲ್ಲರಿಗೂ ಒಂದು ವಿನಂತಿ. ತೊಟ್ಟಿಯ ಮೀನನ್ನು ಹೊಳೆಗಾಗಲಿ, ಕೆರೆಗಾಗಲಿ, ಮಳೆನೀರಿನ ತೋಡಿಗಾಗಲಿ ಬಿಡಬೇಡಿ. ಸಾಕಲಾಗದಿದ್ದರೆ ಕೊಂಡ ಅಂಗಡಿಗೆ ಹಿಂತಿರುಗಿಸಿ. ದೊಡ್ಡ ತೊಟ್ಟಿ ಇರುವ ಹವ್ಯಾಸಿಗೆ ಕೊಡಿ. 1969ರಲ್ಲಿ ಮಂಗಳೂರಿನಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ಅಲ್ಲಿಯ ಪರಿಣತರ ಸಲಹೆ ಕೇಳಿ. ಮುಂದಿನ ಬಾರಿ ಮೀನಿನ ಅಂಗಡಿಗೆ ಹೋದಾಗ ಬೆಲೆಗಿಂತ ಮೊದಲು ಎರಡು ಪ್ರಶ್ನೆ ಕೇಳಿ: ಇದು ಬೆಳೆದರೆ ಎಷ್ಟು ಉದ್ದವಾಗುತ್ತದೆ? ಇದು ಯಾರ ಜೊತೆ ಹೊಂದಿಕೊಳ್ಳುವುದಿಲ್ಲ?